ಎರೆನಾ ಮಗಳ ಮಾತು

ನಮ್ಮಕ್ಕ ಎರೆನಾ ತೀರಿಕೊಂಡು ವರ್ಷವಾಗಿತ್ತು. ಅವಳ ಸಮಾಧಿಕಲ್ಲಿನ ಮುಸುಕು ತೆಗೆಯುವ ದಿನ, ಊಟದ ಹೊತ್ತಿಗೆ ಮಗಳು ಪರೆಹುಯಾ ನಾಲ್ಕು ಮಾತಾಡಬೇಕೆಂದು ಮನೆಯವರೆಲ್ಲ ಸೇರಿ ಗೊತ್ತುಮಾಡಿದ್ದರು. ಏನು ಮಾತಾಡಬೇಕೆಂಬುದನ್ನು ಮಾತ್ರ ನಮ್ಮಣ್ಣ ಹೊಹೆಪಾ ಒಬ್ಬನೇ ಗೊತ್ತುಮಾಡಿಬಿಟ್ಟಿದ್ದ.

ಹಿಂದಿನ ದಿನ ವೈರೋವಾ ಊರಿನ ನಮ್ಮ ಕುಲದ ಸಭಾಮನೆಯ ಅಡುಗೆಕೋಣೆಯಲ್ಲಿ ಗೆಣಸಿನ ಸಿಪ್ಪೆ ಹೆರೆಯುತ್ತ ಹುಡುಗಿ ನನಗೆ ಮಾತು ಒಪ್ಪಿಸುತ್ತಿದ್ದಳು.

"ಅಮ್ಮ ಎರಡು ಸಲ ಪೆಟ್ಟು ತಿಂದು ತವರಿಗೆ ಓಡಿಬಂದ್ಳು. ಎರಡು ಸಲಾನೂ ಹೊಹೆಪಾ ಮಾವ ಟ್ರಕ್ ಹತ್ತಿಸಿ ಅಪ್ಪನ ಮನೇಲೇ ಬಿಟ್ಟುಬಂದ. ಮೂರನೇ ಸಲ ಅವಳು ತವರಿಗೆ ಬರ್ಲೇ ಇಲ್ಲ. ನನ್ನ ಎತ್ಕೊಂಡು ಕುರಿ ಉಣ್ಣೆ ಕತ್ತರಿಸೋ ಶೆಡ್‌ಗೆ ಕೆಲಸಕ್ಕೆ ಹೋದ್ಳು."

ಬಾಗಿಲಲ್ಲಿ ಹೊಹೆಪಾ ನಿಂತಿದ್ದ.

"ಇದೇನೇ ಇದು? ನಾಳೆ ನಿಮ್ಮಪ್ಪನ ಕಡೆಯೋರೂ ಬರ್ತಿದಾರೆ. ಅವನೂ ಸತ್ತು ಎಷ್ಟೋ ಕಾಲ ಆಯ್ತು. ಒಳ್ಳೆ ತಾಯಿ, ಒಳ್ಳೆ ಹೆಂಡ್ತಿ, ಅಡುಗೇಲಿ ಎತ್ತಿದ ಕೈ ಅಂತ ಹೇಳಿ ಕೂತ್ಕೋ."

"ಅಮ್ಮಂಗೆ ಮೊಟ್ಟೆ ಬೇಯ್ಸೋಕೂ ಬರ್ತಿರ್ಲಿಲ್ಲ ಮಾವ."

ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ನನ್ನ ಕಡೆ ತಿರುಗಿದ. "ಹೆನಿ, ನೀನೂ ಕೇಳಿಸ್ಕೋ. ಇವಳು ದಾರಿ ಬಿಟ್ರೆ ಹಾಡು ಎತ್ತಿಬಿಡು."

ನಮ್ಮ ಮಾವೊರಿ ಜನರಲ್ಲಿ ಯಾರೇ ಮಾತಾಡಲಿ, ಮುಗಿದ ಮೇಲೆ ಅವರ ಬೆನ್ನಿಗೆ ಒಂದು ಹಾಡು ನಿಲ್ಲಬೇಕು. ಮಾತು ಹಳಿ ತಪ್ಪಿತೆನ್ನಿ, ಅದು ಮುಗಿಯುವ ಮೊದಲೇ ಹೆಂಗಸರು ಎದ್ದು ಹಾಡಿಬಿಡುತ್ತಾರೆ. ಆಮೇಲೆ ಎಂಥ ಹಿರಿಯನೂ ಬಾಯಿ ಮುಚ್ಚಿ ಕೂರಲೇಬೇಕು. ನಮ್ಮ ಮನೆಯಲ್ಲಿ ಹಾಡು ಎತ್ತುವವಳು ನಾನು.

ಅಣ್ಣ ಹೋದ ಮೇಲೆ ಹುಡುಗಿ ಚಾಕು ಕೆಳಗಿಟ್ಟಳು. "ಹಾಡ್ತೀಯಾ ಚಿಕ್ಕಮ್ಮ?"

"ಮಾತು ಚಿಕ್ಕದಾಗಿಟ್ಕೋ. ಅಳ್ಬೇಡ, ಬೈಬೇಡ. ನಡೆದಿದ್ದನ್ನ ನಡೆದ ಹಾಗೇ ಹೇಳು."

ಹಾಡುವುದಿಲ್ಲ ಎಂದು ಮಾತು ಕೊಡಲಿಲ್ಲ. ಸಿಟ್ಟು ಬಂದಿತ್ತು, ನಿಜ. ಆದರೆ ನಾಲ್ಕು ಜನರ ಮುಂದೆ ನಾನು ಅಣ್ಣನಿಗೆ ಎದುರು ನಿಂತವಳೇ ಅಲ್ಲ.

ಮರುದಿನ ಕಲ್ಲಿನ ಮುಸುಕು ತೆಗೆದಾಯಿತು, ಅತ್ತದ್ದಾಯಿತು, ಎಲ್ಲರೂ ಊಟಕ್ಕೆ ಕೂತರು. ಪರೆಹುಯಾ ಎದ್ದು ನಿಂತು ಶುರುಮಾಡಿದಳು. ಅಳಲಿಲ್ಲ, ಬೈಯಲಿಲ್ಲ. ಮಾತು ಟ್ರಕ್ಕಿನ ತನಕ ಬಂದಾಗ ಹೊಹೆಪಾ ನನಗೆ ಕಣ್ಸನ್ನೆ ಮಾಡಿದ. ನಾನು ಹಂದಿಮಾಂಸ ಅಗಿಯುತ್ತ ಕೂತೆ. ಅವನು ಕೆಮ್ಮಿದ. ನಾನು ಇನ್ನೊಂದು ತುಂಡು ಹಾಕಿಸಿಕೊಂಡೆ.

ಕೊನೆಗೆ ಅವನೇ ಎದ್ದ. "ಸಾಕು ಕೂತ್ಕೋಮ್ಮ. ನೆಂಟರು ತಪ್ಪು ತಿಳ್ಕೋಬೇಡಿ, ಹುಡುಗಿ ದುಃಖದಲ್ಲಿದಾಳೆ. ನಮ್ಮ ಎರೆನಾ ಗಂಡನ ಮನೇಲಿ ಎಷ್ಟು ಸುಖವಾಗಿ..."

ಆಗ ನಾನು ಎದ್ದು ಹಾಡು ಎತ್ತಿದೆ. ನನ್ನ ಹಿಂದೆ ನಮ್ಮ ಹೆಂಗಸರೆಲ್ಲ ಎದ್ದರು. ಅಡುಗೆಕೋಣೆಯವರೂ ಏಪ್ರನ್ನಿನಲ್ಲೇ ಬಂದು ದನಿಗೂಡಿಸಿದರು. ನನಗೆ ಬರುವುದರಲ್ಲೆಲ್ಲ ಉದ್ದದ ಹಾಡನ್ನೇ ಆರಿಸಿಕೊಂಡಿದ್ದೆ, ಒಂದು ಸಾಲನ್ನೂ ಬಿಡಲಿಲ್ಲ. ಅಣ್ಣ ಎರಡು ಸಲ ಬಾಯಿ ತೆರೆದ, ಆಮೇಲೆ ಕೂತ. ಎಷ್ಟು ಹಿತವಾಯಿತೆಂದರೆ, ಇದನ್ನು ಇಪ್ಪತ್ತು ವರ್ಷ ಮೊದಲೇ ಮಾಡಬೇಕಿತ್ತು ಅನ್ನಿಸಿತು.

ಪರೆಹುಯಾ ಹಾಡು ಮುಗಿಯುವವರೆಗೂ ನಿಂತೇ ಇದ್ದಳು. ಆಮೇಲೆ ಹೇಳಿದಳು: "ಕಲ್ಲಿನ ಮೇಲೆ ಅಮ್ಮನ ಹೆಸರೊಂದೇ ಇದೆ, ಅಪ್ಪಂದಿಲ್ಲ. ಕೆತ್ತೋನು ಮರೆತಿದ್ದಲ್ಲ. ನಾನೇ ಬೇಡ ಅಂದೆ."

ಭಾವನ ಕಡೆಯ ಸಾಲಿನಿಂದ ಅವನ ಮುದಿ ಅಕ್ಕ ಊರುಗೋಲು ಊರಿಕೊಂಡು ಎದ್ದಳು. ಹೊಹೆಪಾ ತಲೆ ತಗ್ಗಿಸಿದ. ಮುದುಕಿ ಮೇಜುಗಳ ನಡುವೆ ನಿಧಾನವಾಗಿ ನಡೆದುಬಂದು ಹುಡುಗಿಯ ಪಕ್ಕ ನಿಂತಳು.

"ನನ್ನ ತಮ್ಮ ಹೊಡೀತಿದ್ದ, ನಾವೂ ನೋಡ್ತಿದ್ವಿ," ಎಂದಳು. "ಇನ್ನೂ ಇದ್ರೆ ಹೇಳು ಮಗಾ. ನಾನು ಇಲ್ಲೇ ನಿಂತಿರ್ತೀನಿ."