ಪೆಟ್ರೋಲ್ ತುಂಬಿಸಿದ್ದು ಯಾರು?

ರೋಹಿತನ ಉತ್ತರಕ್ರಿಯೆ ಮುಗಿದ ಮರುವಾರ ಅವನ ಅಪ್ಪ ಸುಧಾಕರ ಶೆಟ್ರು ಮಗ ಓಡಿಸುತ್ತಿದ್ದ ಡರ್ಟ್ ಬೈಕನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಗುರುವಾಯನಕೆರೆಯ ನನ್ನ ಗ್ಯಾರೇಜಿಗೆ ಬಂದರು. ಜೊತೆಗೆ ಮಗಳು ಪ್ರಾಪ್ತಿ.

ಮಗ ಸತ್ತಂದಿನಿಂದ ಶೆಟ್ರು ಪೇಟೆಯಿಡೀ ಒಂದೇ ಮಾತು ಹೇಳುತ್ತ ತಿರುಗಿದ್ದರು: ಉನೈಸ್ ಇಂಜಿನ್ ಕೆಲಸ ಕೆಡಿಸಿದ, ನನ್ನ ಮಗನನ್ನು ಕೊಂದ. ಮೂಡುಬಿದಿರೆ ಕಡೆಯ ಮಣ್ಣಿನ ರೇಸಿನಲ್ಲಿ, ಓಡುತ್ತಿದ್ದ ಬೈಕಿನ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಜಾಮ್ ಆಗಿ ರೋಹಿತ್ ತಲೆಕೆಳಗಾಗಿ ಬಿದ್ದಿದ್ದ. ಅದಕ್ಕೆ ಸ್ವಲ್ಪ ಮೊದಲಷ್ಟೇ ಹೊಸ ಪಿಸ್ಟನ್ ಹಾಕಿದವನು ನಾನು. ಹಾಗಾಗಿ ಜನರೂ ನಂಬಿದರು. ಗಾಡಿ ತರುತ್ತಿದ್ದವರು ನನ್ನ ಬಾಗಿಲು ದಾಟಿ ಮುಂದೆ ಹೋಗತೊಡಗಿದರು.

"ನನ್ನೆದುರೇ ಸ್ಟಾರ್ಟ್ ಮಾಡು. ಆಗದಿದ್ರೆ ಯಾಕೆ ಆಗುದಿಲ್ಲ ಅಂತ ಬಿಚ್ಚಿ ತೋರಿಸು," ಎಂದರು ಶೆಟ್ರು.

"ತೋರಿಸ್ತೇನೆ. ನೀವು ಇಲ್ಲೇ ನಿಲ್ಲಿ ಶೆಟ್ರೇ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇವತ್ತು ಈ ಮನುಷ್ಯನ ಬಾಯಿ ಮುಚ್ಚಿಸಿಯೇ ಬಿಡಬೇಕೆಂದು ಕಿಕ್ಕರ್ ತುಳಿದೆ. ಅದು ಕೆಳಗೆ ಹೋಗಲೇ ಇಲ್ಲ. ಪ್ಲಗ್ ಬಿಚ್ಚಿ ತುಳಿದೆ. ಆಗಲೂ ಇಲ್ಲ. ಹೆಡ್ ಬಿಚ್ಚಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕೂತಿತ್ತು, ಸುತ್ತ ಗೀರು ಗೀರು. ಎಣ್ಣೆಯ ಪಸೆಯೇ ಇರಲಿಲ್ಲ.

ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಬೆರೆಸದಿದ್ದರೆ ಬಿಸಿಯಾಗಿ ಹೀಗೇ ಕಚ್ಚುತ್ತದೆ, ಚಕ್ರವೂ ನಿಲ್ಲುತ್ತದೆ. ಶೆಟ್ರ ಶೆಡ್ಡಿನಲ್ಲಿ ಎರಡು ಕ್ಯಾನ್ ಇರುವುದು ನನಗೆ ಗೊತ್ತು. ಸ್ಕೂಟರಿಗೆ ಬರೀ ಪೆಟ್ರೋಲ್ ಒಂದರಲ್ಲಿ. ಹುಲ್ಲು ಕತ್ತರಿಸುವ ಮೆಷಿನ್ನಿಗೂ ಈ ಬೈಕಿಗೂ ಆಯಿಲ್ ಬೆರೆಸಿದ್ದು ಇನ್ನೊಂದರಲ್ಲಿ. ಬೆರೆಸಿ ಇಡುತ್ತಿದ್ದವನು ರೋಹಿತ್. ಯಾವುದು ಯಾವುದೆಂದು ಮನೆಯವರಿಗೆ ಹೇಳಿರಲಿಕ್ಕಿಲ್ಲ ಆ ಪುಣ್ಯಾತ್ಮ.

ಬೈಕಿನ ಟ್ಯಾಂಕಿನಿಂದ ಸ್ವಲ್ಪ ಬಾಟಲಿಗೆ ಬಿಟ್ಟು ಬೆಳಕಿಗೆ ಹಿಡಿದೆ, ಮೂಸಿದೆ. ಆಯಿಲಿನ ಹಸಿರು ಇಲ್ಲ, ವಾಸನೆಯೂ ಇಲ್ಲ. ಬರೀ ಪೆಟ್ರೋಲ್! ಹೋದ ಜೀವ ಬಂದ ಹಾಗಾಯಿತು ನನಗೆ.

"ಇದಕ್ಕೆ ಪೆಟ್ರೋಲ್ ತುಂಬಿಸಿದ್ದು ಯಾರು ಶೆಟ್ರೇ?" ಎಂದು ರಸ್ತೆಗೆ ಕೇಳುವಷ್ಟು ಜೋರಾಗಿ ಕೇಳಿದೆ.

"ನಾನು," ಎಂದಳು ಪ್ರಾಪ್ತಿ. "ಅಣ್ಣ ಬೂಟ್ಸ್ ಹಾಕ್ತಾ ಇದ್ದ, ಲೇಟಾಯ್ತು ಅಂತ ಬೊಬ್ಬೆ ಹೊಡೀತಿದ್ದ. ನಾನೇ ಶೆಡ್ಡಿಗೆ ಓಡಿ ತುಂಬಿಸಿ ಕೊಟ್ಟೆ. ನನ್ನ ತಲೆ ಸವರಿ ಹೋದ. ಯಾಕೆ ಉನೈಸಣ್ಣ?"

ಶೆಟ್ರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿಯ ತನಕ ಬಂದಿತ್ತು ಮಾತು. ಆಡಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಆ ಹುಡುಗಿ ಉಳಿಯುತ್ತಿದ್ದಳೋ ಇಲ್ಲವೋ, ಧೈರ್ಯವಾಗಿ ಹೇಳಲಾರೆ.

"ಯಾಕೂ ಇಲ್ಲ," ಎಂದೆ. "ಪಿಸ್ಟನ್ ಕಚ್ಚಿದೆ ಶೆಟ್ರೇ. ನಾನು ಹಾಕಿದ್ದು ಸರಿಯಾಗಿರ್ಲಿಲ್ಲ. ತಪ್ಪು ನನ್ನದೇ."

ಶೆಟ್ರ ಕೈ ನನ್ನ ಕೆನ್ನೆಗೆ ಬಿತ್ತು. ಮರುಕ್ಷಣ ಅವರು ಅಲ್ಲೇ ಹಳೆ ಟಯರಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ಅಂಥ ಸಿಟ್ಟಿನವನಾದ ನನಗೂ ಆಗ ಸಿಟ್ಟು ಬರಲಿಲ್ಲ. ಸಂಕಟವಾಯಿತು. ಅತ್ತು ಮುಗಿದ ಮೇಲೆ ಅವರು ಎದ್ದು ಹೋಗಿ ಪಿಕಪ್ಪಿನಲ್ಲಿ ಕೂತರು.

ಪ್ರಾಪ್ತಿ ಹೋಗಲಿಲ್ಲ. ಬೆಂಚಿನ ಮೇಲಿದ್ದ ಬಾಟಲಿಯನ್ನು ನೋಡುತ್ತಿದ್ದಳು.

"ಪೆಟ್ರೋಲ್ ಯಾಕೆ ಮೂಸಿದ್ದು ಉನೈಸಣ್ಣ?"

"ಹಳೇ ಪೆಟ್ರೋಲ್ ಅಲ್ವಾ, ಹಾಳಾಗಿದೆಯಾ ಅಂತ ನೋಡಿದ್ದು. ನೀನು ಹೋಗು, ಅಪ್ಪ ಕಾಯ್ತಿದ್ದಾರೆ."

ಅವಳು ಬಾಟಲಿಯನ್ನು ಎತ್ತಿ, ನಾನು ಹಿಡಿದ ಹಾಗೆಯೇ ಬೆಳಕಿಗೆ ಹಿಡಿದಳು.

"ನಮ್ಮ ಶೆಡ್ಡಿನಲ್ಲಿ ಇನ್ನೊಂದು ಕ್ಯಾನ್ ಉಂಟು," ಎಂದಳು. "ಅದರಲ್ಲಿರುವುದು ಹಸಿರು."

ಹೊರಗೆ ಶೆಟ್ರು ಹಾರ್ನ್ ಹೊಡೆದರು. ಅವಳು ಕದಲಲಿಲ್ಲ. ಇನ್ನೊಂದು ಸುಳ್ಳಿಗಾಗಿ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.