ಆ್ಯನ್ ಮೇಷ್ಟ್ರ ಸಣ್ಣ ಪದಗಳು

ಶಾಲೆಯಲ್ಲಿ ಮಕ್ಕಳೆಲ್ಲ ಅವರನ್ನು ಆ್ಯನ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವರಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಇಂಗ್ಲಿಷಿನ ಉಳಿದ ವ್ಯಾಕರಣವನ್ನು ಅವರು ಹೇಗೋ ಮುಗಿಸುತ್ತಿದ್ದರು. ಆದರೆ ಎ, ಆ್ಯನ್, ದಿ ವಿಷಯದಲ್ಲಿ ಮಾತ್ರ ಯಾರಿಗೂ ಮಾಫಿ ಇರಲಿಲ್ಲ. ತುಂಟರು ಬೇಕಂತಲೇ ವರಾಂಡದಲ್ಲಿ "ಎ ಆ್ಯಪಲ್" ಎಂದು ಕೂಗಿ ಓಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದ ಮೇಷ್ಟ್ರು ಲೋಟ ಹಿಡಿದುಕೊಂಡೇ ಹೊರಗೆ ಬಂದು, "ಆ್ಯನ್! ಆ್ಯನ್ ಕಣೋ!" ಎಂದು ಗುಡುಗುತ್ತಿದ್ದರು.

ಅವರು ಪಾಠ ಹೇಳುತ್ತಿದ್ದ ರೀತಿಯೇ ಬೇರೆ. "ನಮ್ಮ ಭಾಷೇಲಿ ನಾಯಿ ಅಂದ್ರೆ ನಾಯಿ. ಯಾವ ನಾಯಿ ಅಂತ ಕೇಳೋನೇ ಊಹೆ ಮಾಡ್ಕೋತಾನೆ. ಇಂಗ್ಲಿಷಿನವರಿಗೆ ಅಷ್ಟು ತಾಳ್ಮೆ ಇಲ್ಲ. ಮೊದಲೇ ಇತ್ಯರ್ಥ ಆಗ್ಬೇಕು. ಯಾವುದೋ ಒಂದು ನಾಯಿನಾ? ಎ. ನಿನಗೂ ನನಗೂ ಗೊತ್ತಿರೋ ನಾಯಿನಾ? ದಿ. ಒಂಟಿ ನಾಯಿ ಬರೀ ಮೈಯಲ್ಲಿ ಬೀದಿಗೆ ಬರೋ ಹಾಗಿಲ್ಲ."

"ಎರಡು ನಾಯಿ ಬಂದ್ರೆ, ಸಾರ್?"

"ಜೊತೆಗೊಬ್ಬ ಇದ್ರೆ ಧೈರ್ಯ ಜಾಸ್ತಿ ಅಲ್ವೇನೋ? ಬರೀ ಮೈಯಲ್ಲೂ ಬರಬಹುದು."

ಮನೆಯಲ್ಲಿ ಅವರು, ಅವರ ಹೆಂಡತಿ, ಇಬ್ಬರೇ. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಅದೇ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಓದು ಪ್ರಾಥಮಿಕ ಶಾಲೆಗೇ ನಿಂತಿತ್ತು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು, ಅಷ್ಟೇ.

ಒಂದು ಬೆಳಿಗ್ಗೆ, ಬೋರ್ಡಿನ ಮೇಲೆ ಬರೆಯುತ್ತಿದ್ದ ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಕುಸಿದರು. ಆಸ್ಪತ್ರೆಗೆ ಹೆಂಡತಿ ಓಡಿ ಬರುವಷ್ಟರಲ್ಲಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಬಾಯಿ ಒಂದು ಕಡೆಗೆ ವಾಲಿತ್ತು.

ಕಾಲು ನಿಧಾನವಾಗಿ ಹಿಡಿತಕ್ಕೆ ಬಂತು. ಕೈ ಅರ್ಧಂಬರ್ಧ ಬಂತು. ಮಾತೂ ಬಂತು, ಆದರೆ ಒಂದೊಂದೇ ಬಿಡಿ ಪದವಾಗಿ ಬಂತು. "ನೀರು. ಲೋಟ," ಎನ್ನುತ್ತಿದ್ದರು. "ಕಿಟಕಿ. ಬೆಳಕು." ಆಮೇಲೆ ತುಂಬಾ ಹೊತ್ತು ಒದ್ದಾಡಿ, "ನಾನು... ಶಾಲೆ," ಎಂದರು. ಶಾಲೆಗೆ ಎನ್ನಲು ನಾಲಿಗೆ ಹೊರಳಲಿಲ್ಲ.

ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. "ಮಿದುಳಲ್ಲಿ ಪೆಟ್ಟು ಬಿದ್ದಿರೋ ಜಾಗ ಅಂಥದ್ದಮ್ಮಾ. ವಸ್ತುಗಳ ಹೆಸರು ಉಳ್ಕೊಳ್ಳುತ್ತೆ. ಅವನ್ನ ಜೋಡಿಸೋ ಸಣ್ಣ ಪುಟ್ಟ ಪದಗಳು ಉದುರಿಹೋಗುತ್ತೆ."

"ವಾಪಸ್ ಬರಲ್ವಾ?"

"ಮನೆ ಮಾತು ಸುಧಾರಿಸಬಹುದು. ಕಲಿತ ಭಾಷೆ ಬಗ್ಗೆ ಏನೂ ಹೇಳೋಕಾಗಲ್ಲ."

ಈ ಕೊನೆಯ ಮಾತನ್ನು ಅವಳು ಗಂಡನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮನೆಗೆ ಬಂದ ಮೇಲೆ ಮೇಷ್ಟ್ರು ತಾವೇ ಎಡಗೈಯಿಂದ ಕಪಾಟು ತೆಗೆದು, ಕೆಳ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕ ಹೊರತೆಗೆದು ಅವಳ ಮಡಿಲಿಗೆ ಹಾಕಿದರು. "ಕೇಳು," ಎಂದರು. ಅದು ಅಪ್ಪಣೆಯೋ ಬೇಡಿಕೆಯೋ ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ಹೊಲಿಗೆ ಬದಿಗಿಟ್ಟು ಅವಳು ಕೇಳತೊಡಗಿದಳು. ಬಿಟ್ಟ ಸ್ಥಳ ತುಂಬುವ ವಾಕ್ಯಗಳು. ಅಕ್ಷರ ಕೂಡಿಸಿ ಓದಿ, ಬಿಟ್ಟ ಜಾಗ ಬಂದಾಗ ಬೆರಳಿಂದ ಮೇಜು ತಟ್ಟುತ್ತಿದ್ದಳು. ಮೇಷ್ಟ್ರು ಕಣ್ಣು ಮುಚ್ಚಿ, ಹಣೆಯ ನರ ಉಬ್ಬಿಸಿ ಹುಡುಕುತ್ತಿದ್ದರು. ಒಮ್ಮೊಮ್ಮೆ ಎ ಬರುತ್ತಿತ್ತು, ಬರಬೇಕಾದ ಕಡೆಯೂ ಬರಬಾರದ ಕಡೆಯೂ. ಒಮ್ಮೊಮ್ಮೆ ಏನೂ ಬರುತ್ತಿರಲಿಲ್ಲ. ಪುಸ್ತಕದ ಹಿಂದಿನ ಉತ್ತರ ನೋಡಿ ಅವಳೇ ಹೇಳಿಕೊಡಬೇಕಿತ್ತು. ಹೇಳಿಕೊಡುತ್ತ ಹೇಳಿಕೊಡುತ್ತ ಅವಳಿಗೇ ಅದರ ಮರ್ಮ ತಿಳಿಯುತ್ತ ಹೋಯಿತು. ಅಂಗಡಿ ಬೀದಿಯಲ್ಲಿ ನಡೆಯುವಾಗ, ಆ್ಯನ್ ಅಂಬ್ರೆಲಾ, ಎ ಬಸ್, ದಿ ಸನ್ ಎಂದು ತುಟಿ ತಂತಾನೆ ಆಡುತ್ತಿತ್ತು. ಮನೆಗೆ ಬಂದು ಗಂಡನ ಮುಖ ನೋಡಿದಾಗ, ಅವರ ಜೇಬಿನಿಂದ ಏನನ್ನೋ ಕದ್ದವಳಂತೆ ನಾಚಿಕೆಯಾಗುತ್ತಿತ್ತು.

ರಜೆ ಮುಗಿದು ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಮನೆ ಮಾತು ಕುಂಟುತ್ತಲೇ ಒಂದು ಹದಕ್ಕೆ ಬಂದಿತ್ತು. "ನಾನು ಶಾಲೆಗೆ ಹೋಗ್ತೀನಿ," ಎಂದು ಒಂದು ದಿನ ಸ್ಪಷ್ಟವಾಗಿ ಅಂದರು. ಹೆಡ್ ಮೇಡಂ ಒಳ್ಳೆಯವರು. "ಬನ್ನಿ ಮೇಷ್ಟ್ರೇ, ಒಂದು ಕ್ಲಾಸ್ ತಗೊಂಡು ನೋಡಿ. ಆಮೇಲೆ ನೋಡೋಣ," ಎಂದರು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ತೋಳು ಹಿಡಿದು ಮೇಷ್ಟ್ರು ತರಗತಿಗೆ ಬಂದಾಗ ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಹಿಂದಿನ ಬೆಂಚಿನಲ್ಲಿ, ಹೆಡ್ ಮೇಡಂ ಪಕ್ಕದಲ್ಲಿ ಕೂತಳು. ಹುಡುಗ ನಾಯಿ ನೋಡಿದ ಎನ್ನುವುದನ್ನು ಮೇಷ್ಟ್ರು ಎಡಗೈಯಿಂದ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದರು: ಬಾಯ್ ಸಾ ಡಾಗ್.

ತರಗತಿಯ ತುಂಬ ಕೈಗಳು ಮೇಲೆದ್ದವು. "ಸಾರ್, ನನ್ನ ಕೇಳಿ! ನಾನು ಹೇಳ್ತೀನಿ ಸಾರ್!" ಮೇಷ್ಟ್ರು ತಮ್ಮನ್ನು ಪರೀಕ್ಷಿಸಲು ಬೇಕಂತಲೇ ತಪ್ಪು ಬರೆದಿದ್ದಾರೆಂದು ಅವರೆಲ್ಲ ಭಾವಿಸಿದ್ದರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಏನೋ ಬಿಟ್ಟುಹೋಗಿದೆ ಎನ್ನುವುದು ಅವರಿಗೆ ತಿಳಿದಿತ್ತು. ಎಲ್ಲಿ ಎನ್ನುವುದು ತಿಳಿಯಲಿಲ್ಲ. ತುಂಬಾ ಹೊತ್ತು ನಿಂತು, ಕೊನೆಗೆ ಸಾ ಎಂಬ ಪದದ ಮೊದಲು ದಿ ಎಂದು ತುರುಕಿದರು.

ಮಕ್ಕಳು ಬಿದ್ದು ಬಿದ್ದು ನಕ್ಕರು. "ಸಾರ್ ತಮಾಷೆ ಮಾಡ್ತಿದಾರೆ!"

ಮೇಷ್ಟ್ರು ಅದನ್ನು ಅಂಗೈಯಿಂದ ಒರೆಸಿ, ಡಾಗ್ ಆದ ಮೇಲೆ ಬರೆದರು. ನಗು ಕಡಿಮೆಯಾಯಿತು. ಮತ್ತೆ ಒರೆಸಿದರು. ಈ ಸಲ ಎಲ್ಲೂ ಬರೆಯದೆ ಸೀಮೆಸುಣ್ಣವನ್ನು ಬೋರ್ಡಿಗೆ ಒತ್ತಿ ಹಿಡಿದು ನಿಂತರು. ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಮುಂದಿನ ಸಾಲಿನ ಒಬ್ಬ ಹುಡುಗಿ ಮುಖ ಮುಚ್ಚಿಕೊಂಡಳು. ಹೆಡ್ ಮೇಡಂ ಎದ್ದು ಹೋಗಿ, "ಇವತ್ತಿಗೆ ಸಾಕು ಮೇಷ್ಟ್ರೇ. ಮಕ್ಕಳೂ ಸುಸ್ತಾಗಿದಾರೆ," ಎಂದರು. ಇನ್ನೂ ಹಾಜರಿಯನ್ನೂ ಕರೆದಿರಲಿಲ್ಲ.

ಮನೆಗೆ ಬಂದು ಕೂತ ಮೇಲೆ ಮೇಷ್ಟ್ರು ಪುಸ್ತಕದ ಕಡೆ ಬೊಟ್ಟು ಮಾಡಿದರು.

"ಬೇಡ ರೀ, ಇವತ್ತೊಂದಿನ ಬಿಡಿ."

"ಕೇಳು."

ಅವಳು ಪುಸ್ತಕ ತೆರೆದಳು. ಪ್ರಶ್ನೆ ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಒಂದು ಯೋಚನೆ ಹೊಳೆಯಿತು. ತಾನೇ ಉತ್ತರ ಹೇಳಿದರೆ? ಅದೂ ತಪ್ಪಾಗಿ? ಊರ ಮಕ್ಕಳಿಗೆಲ್ಲ ಬೈದವರು ಇವತ್ತು ತನಗೂ ಒಂದು ಸಲ ಬೈದುಬಿಡಲಿ. ಸಿಟ್ಟಿನ ಭರದಲ್ಲಾದರೂ ಆ ಪದ ಅವರ ಬಾಯಿಂದ ಚಿಮ್ಮಬಹುದು.

"ಇಲ್ಲಿ ನೋಡಿ, ಇದನ್ನ ನಾನೇ ಹೇಳ್ತೀನಿ. ಶಿ ಏಟ್ ಎ ಎಗ್," ಎಂದಳು. ಆ್ಯನ್ ಬರಬೇಕಾದ ಕಡೆ ಹೇಳಿದ ಆ ಎ ಅನ್ನು ಬೇಕಂತಲೇ ಎಳೆದಳು. ಅವರ ಮುಖವನ್ನೇ ನೋಡುತ್ತ ಕಾದಳು.

ಮೇಷ್ಟ್ರು ತಲೆ ಓರೆ ಮಾಡಿ ಆಲಿಸಿದರು. ತುಟಿ ಅಲುಗಿತು. ಇನ್ನೇನು ಬಂತು ಅನ್ನಿಸಿತು ಅವಳಿಗೆ.

"ಸರಿ," ಎಂದರು.

ಅವಳ ಬೆರಳು ಪುಟದಲ್ಲಿ ಎಗ್ ಎಂಬ ಪದದ ಮೇಲೇ ನಿಂತಿತು.

"ಸರಿ," ಎಂದು ಇನ್ನೊಮ್ಮೆ ಅಂದು, ಎಡಗೈಯಿಂದ ಅವಳ ತಲೆ ಸವರಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖದಲ್ಲಿ ಅಷ್ಟು ಸಮಾಧಾನವನ್ನು ಅವಳು ಕಂಡಿರಲಿಲ್ಲ. "ಕಲಿತೆ... ನೀನು. ಚೆನ್ನಾಗಿ... ಕಲಿತೆ."

ಅವಳು ಹೂಂ ಎಂದಳು. ಮುಂದಿನ ವಾಕ್ಯವನ್ನು ಮತ್ತೆ ತಪ್ಪಾಗಿ ಓದಿದಳು, ಅದರ ಮುಂದಿನದನ್ನೂ. ಪ್ರತಿಯೊಂದಕ್ಕೂ ಮೇಷ್ಟ್ರು ತಲೆಯಾಡಿಸುತ್ತ ಸರಿ ಎನ್ನುತ್ತಲೇ ಇದ್ದರು.