ಗೋಪಾಲಮ್ಮನಿಗೆ ಏನೂ ನೆನಪಿಲ್ಲ

ಮೈದುನ ಮುನಿರತ್ನ ತನ್ನ ತಾಯಿಯನ್ನು ಆಟೋದಿಂದ ಇಳಿಸಿ, ಬಟ್ಟೆಯ ಬ್ಯಾಗನ್ನು ಹೊಸ್ತಿಲ ಮೇಲಿಟ್ಟಾಗ ರಾಧಾಮಣಿಗೆ ಬೇಡವೆನ್ನಲು ಬಾಯಿ ಬರಲಿಲ್ಲ.

"ಸ್ವಲ್ಪ ದಿನ ಅಷ್ಟೇ ಅತ್ತಿಗೆ. ನಮ್ ಫ್ಲಾಟಲ್ಲಿ ಬಾಗ್ಲು ತಕ್ಕೊಂಡು ಎಲ್ಲೆಲ್ಲೋ ಹೊರಟ್ಹೋಗ್ತಾರೆ. ನಾವಿಬ್ರೂ ಕೆಲಸಕ್ಕೆ ಹೋಗ್ಬೇಕು. ನೀವಾದ್ರೆ ಮನೇಲೇ ಹೊಲೀತಾ ಇರ್ತೀರಲ್ಲ" ಎಂದು ಹೇಳಿ ಕೆಂಪಾಪುರದ ತನ್ನ ಮನೆಗೆ ಹೋದವನು ಆಮೇಲೆ ಫೋನನ್ನೇ ಎತ್ತಲಿಲ್ಲ.

ಗೋಪಾಲಮ್ಮ ಅಮೃತಹಳ್ಳಿಯ ಆ ಪುಟ್ಟ ಬಾಡಿಗೆ ಮನೆಯನ್ನು ಸುತ್ತ ನೋಡಿ, "ನೀನ್ಯಾರವ್ವ?" ಎಂದು ಸೊಸೆಯನ್ನು ಕೇಳಿದಳು.

ರಾಧಾಮಣಿ ಮಾತ್ರ ಯಾವುದನ್ನೂ ಮರೆತಿರಲಿಲ್ಲ. ಗಂಡ ನಂದಕುಮಾರ್ ಕಾಮಾಲೆ ಹೆಚ್ಚಾಗಿ ಆಸ್ಪತ್ರೆ ಸೇರಿದಾಗ, ದಿಕ್ಕು ತೋಚದೆ ಅವಳು ಪಕ್ಕದ ಹಾಸಿಗೆಯ ರೋಗಿಯ ಕಡೆಯವರ ಜೊತೆ ಕ್ರೈಸ್ತರ ಪ್ರಾರ್ಥನಾ ಸಭೆಗೆ ಹೋಗತೊಡಗಿದ್ದಳು. ಗಂಡ ಉಳಿಯಲಿಲ್ಲ, ಅವಳ ನಂಬಿಕೆ ಉಳಿಯಿತು. ಹೆಣ ಕೊಡಿಗೇಹಳ್ಳಿಯ ಅತ್ತೆ ಮನೆಗೆ ಬಂದ ದಿನ ಗೋಪಾಲಮ್ಮ ಗೇಟಿಗೆ ಅಡ್ಡ ನಿಂತು, "ನಿನ್ ಏಸುನೇ ನನ್ ಮಗನ್ನ ನುಂಗಿದ್ದು. ಒಳೀಕೆ ಕಾಲಿಟ್ಟೀಯ ಜ್ವಾಕೆ!" ಎಂದು ಕೂಗಿದ್ದಳು. ಗಂಡನ ಮುಖವನ್ನು ಕಡೆಯ ಸಲ ನೋಡಲಾಗದೆ ರಾಧಾಮಣಿ ಬೀದಿಯಲ್ಲೇ ಕೂತಿದ್ದಳು. ಆಮೇಲೆ ಇಷ್ಟು ವರ್ಷವೂ, ಎಂದಾದರೊಂದು ದಿನ ಅತ್ತೆ ತಪ್ಪಾಯ್ತು ಅಂದರೆ ಕ್ಷಮಿಸಿಬಿಡುತ್ತೇನೆ ಎಂದು ಕಾಯುತ್ತಿದ್ದಳು. ಈಗ ನೋಡಿದರೆ ಅತ್ತೆಗೆ ಮಾಡಿದ್ದೇ ನೆನಪಿಲ್ಲ.

ಮಗನ ನೆನಪು ಮಾತ್ರ ಇತ್ತು. ಸಂಜೆಯಾದರೆ ಕಿಟಕಿಯ ಸರಳು ಹಿಡಿದು, "ನಂದ ಇನ್ನೂ ಬರ್ನಿಲ್ವಲ್ಲವ್ವ?" ಎನ್ನುತ್ತಿದ್ದಳು.

ಮೊದಲ ಸಲ ಕೇಳಿದಾಗ ರಾಧಾಮಣಿ ಹೊಲಿಗೆ ಮಿಷನ್ನು ನಿಲ್ಲಿಸದೆಯೇ, "ಅವ್ರು ಸತ್ತೋದ್ರು" ಅಂದುಬಿಟ್ಟಳು. ಮುದುಕಿ ಆಗತಾನೆ ಸುದ್ದಿ ಕೇಳಿದವಳಂತೆ ಕುಸಿದು ಕೂತು ಎದೆ ಬಡಿದುಕೊಂಡಳು. ಉಣ್ಣುವ ಹೊತ್ತಿಗೆ ಎಲ್ಲ ಮರೆತಳು. ಮರುದಿನ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಗೋಳು. ಸುಳ್ಳು ಹೇಳಬಾರದಲ್ಲ ಎಂದು ರಾಧಾಮಣಿ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು.

ಹೊಲಿಸಿದ ಬ್ಲೌಸ್ ಒಯ್ಯಲು ಬಂದ ಪಕ್ಕದ ಮನೆಯ ಶರಣವ್ವ ಒಂದು ಸಂಜೆ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದಳು. ಕಲಬುರಗಿ ಕಡೆಯ ಹೆಂಗಸು, ಮನಸ್ಸಿಗೆ ಬಂದದ್ದನ್ನು ಆಡಿಬಿಡುವವಳು.

"ದಿನಾ ಹಿಂಗೇ ಹೇಳ್ತೀರೇನ್ ಅಕ್ಕಾ? ಅಕಿಗಿ ದಿನಾ ಮಗ ಸಾಯ್ತಾನಲ್ರೀ!"

ಶರಣವ್ವ ಹೋದ ಮೇಲೂ ಆ ಮಾತು ಹೋಗಲಿಲ್ಲ. ಸಂಜೆಯಾಗುವುದನ್ನು ತಾನು ಒಳಗೊಳಗೇ ಕಾಯುತ್ತಿದ್ದೆ, ಆ ಅಳು ತನಗೆ ಹಿತವಾಗಿತ್ತು ಎಂಬುದು ರಾಧಾಮಣಿಗೆ ಹೊಳೆಯಿತು. "ಕರ್ತನೇ, ಇವ್ರನ್ನ ಕ್ಷಮಿಸಕ್ಕೆ ನನ್ ಕೈಲಿ ಆಗ್ತಿಲ್ಲ. ನಾನೇ ಇಂಥೋಳಾಗ್ಬಿಟ್ಟೆ. ಏನ್ಮಾಡ್ಲಿ?" ಎಂದು ಬೇಡಿಕೊಂಡಳು. ಮೂಲೆಯಲ್ಲಿ ಮುದುಕಿ ಇನ್ನೂ ಬಿಕ್ಕುತ್ತಿದ್ದಳು.

ರಾಧಾಮಣಿ ಎದ್ದು ಹೋಗಿ ಅವಳ ಕಾಲು ಹಿಡಿದಳು. "ಅತ್ತೆ, ನಂದು ತಪ್ಪಾಯ್ತು. ಬೇಕೂಂತಲೇ ನಿಮ್ಮನ್ನ ಅಳಿಸ್ದೆ. ಕ್ಷಮಿಸ್ಬಿಡಿ."

ತಾನು ಯಾಕೆ ಅಳುತ್ತಿದ್ದೆನೆಂಬುದೂ ಗೋಪಾಲಮ್ಮನಿಗೆ ಅಷ್ಟರಲ್ಲಿ ಮರೆತುಹೋಗಿತ್ತು. ಒದ್ದೆ ಕಣ್ಣಲ್ಲೇ ಸೊಸೆಯ ತಲೆಯ ಮೇಲೆ ಕೈಯಿಟ್ಟು, "ನೀನ್ಯಾಕವ್ವ ಅಳ್ತೀಯ? ನೀ ನಂಗೇನ್ ಮಾಡಿದ್ದೀಯ? ಮಾಡಿದ್ರೂ ಓಗ್ಲಿ ಬುಡು, ಏಳು" ಎಂದಳು.

ಅಷ್ಟು ವರ್ಷ ಕ್ಷಮಿಸಬೇಕಾದವಳು ತಾನೇ ಎಂದುಕೊಂಡಿದ್ದ ರಾಧಾಮಣಿಗೆ, ಕೇಳಿದ ತಕ್ಷಣ, ಯಾರು ಏನು ಎಂದೂ ನೋಡದೆ ಕ್ಷಮೆ ಸಿಕ್ಕಿತ್ತು. ಎದೆಯಲ್ಲಿ ಗಟ್ಟಿಯಾಗಿ ಕೂತಿದ್ದದ್ದು ಕರಗತೊಡಗಿತು. ಬಿಕ್ಕುತ್ತಲೇ ಅವಳಿಗೆ ನಗು ಬಂತು. ಗಂಡ ಹೋದ ಮೇಲೆ ಯಾವ ಸಭೆಯಲ್ಲೂ, ಯಾವ ಹಾಡಿನಲ್ಲೂ ಸಿಗದ ಸಂತೋಷ ಆ ಸಿಮೆಂಟ್ ನೆಲದ ಮೇಲೆ ಸಿಕ್ಕಿತು.

ಮರುದಿನ ಮುದುಕಿ ಮತ್ತೆ ಕೇಳಿದಳು. ಪರಲೋಕವನ್ನು ಯೇಸು 'ತಂದೆಯ ಮನೆ' ಎಂದು ಕರೆದದ್ದು ರಾಧಾಮಣಿಗೆ ನೆನಪಾಯಿತು.

"ಅವ್ರು ತಂದೆ ಮನೇಲವ್ರೆ ಅತ್ತೆ. ಚೆನ್ನಾಗವ್ರೆ."

"ಉಂಡ್ನಾ?"

"ಉಂಡ್ರು."

ಎಲ್ಲ ಸಂಜೆಗೂ ಆ ಉತ್ತರ ಸಾಲುತ್ತಿರಲಿಲ್ಲ. ಕೆಲವು ದಿನ ಗೋಪಾಲಮ್ಮ ಏನು ಹೇಳಿದರೂ ಕೇಳದೆ ಬಾಗಿಲು ಬಡಿಯುತ್ತಿದ್ದಳು, ಹಾಸಿಗೆ ಒದ್ದೆ ಮಾಡುತ್ತಿದ್ದಳು. ಹೊಲಿಗೆ ಹಿಂದೆ ಬೀಳುತ್ತಿತ್ತು, ಭಾನುವಾರ ಸಭೆಗೆ ಹೋಗಲಾಗುತ್ತಿರಲಿಲ್ಲ. ಸಮಾಧಾನ ಮಾಡಲು ದಾರಿ ಕಾಣದಾಗ ರಾಧಾಮಣಿ ಪಕ್ಕದಲ್ಲಿ ಕೂತು, ಅತ್ತೆಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಇಬ್ಬರಿಗಾಗಿಯೂ ಪ್ರಾರ್ಥಿಸುತ್ತಿದ್ದಳು.